ಲಗ್ನಪತ್ರಿಕೆಯ ಕಟ್ಟಿಗೆ ಸುತ್ತಿ ಹೋದ ಎಂಟು ಪುಟ

ಸ್ವಲ್ಪ ತಡೆಯಿರಿ. ನಾನು ಬರೆದ ಎಂಟು ಪುಟ ಬೀರದೇವರ ಜಗಲಿ ಮುಂದೆ, ಭಂಡಾರದ ಅರಿಷಿಣ ಹಚ್ಚಲು ಇಟ್ಟ ಲಗ್ನಪತ್ರಿಕೆಗಳ ನಡುವೆ ಬಿಚ್ಚಿಕೊಂಡು ಬಿದ್ದದ್ದು ಬರುತ್ತದೆ. ಅಲ್ಲಿಯವರೆಗೆ ಎದ್ದು ಹೋಗಬೇಡಿ. ಅದಕ್ಕೆ ಮೊದಲು ಪ್ರೆಸ್ಸಿನ ಕೆಲಸ ಹೇಗೆ ನಡೆಯುತ್ತದೆ ಅಂತ ಒಂದಿಷ್ಟು ಹೇಳಲೇಬೇಕು. ಅದು ಗೊತ್ತಿಲ್ಲದಿದ್ದರೆ ಹತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಲಗ್ನ ನನ್ನ ಕೈಯಾರೆ ಹೇಗೆ ಗಟ್ಟಿಯಾಗುವುದರಲ್ಲಿತ್ತು ಅನ್ನುವುದು ತಿಳಿಯುವುದಿಲ್ಲ.

ಬನಹಟ್ಟಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಪತ್ರಿಕೆ ಟೈಪ್ ಮಾಡುತ್ತಿದ್ದೆ. ಯಾರೂ ಕಲಿಸಿದ್ದಲ್ಲ, ನೋಡಿ ನೋಡಿ ಕಲಿತದ್ದು. ಕಥೆ ಬರೆಯುವುದೂ ಹಾಗೆಯೇ. ಮೊಬೈಲಿನಲ್ಲಿ ಇಂಗ್ಲಿಷ್ ಪುಸ್ತಕ ತೆಗೆದು, ಪಕ್ಕದಲ್ಲಿ ಡಿಕ್ಷನರಿ ತೆರೆದಿಟ್ಟು, ಹದಿಹರೆಯದವರಿಗೆ ಅಂತಲೇ ಬರೆದ ಕ್ವಿಯರ್ ಕಥೆಗಳನ್ನು ಒಂದಾದ ಮೇಲೊಂದು ಓದುತ್ತಿದ್ದೆ. ಹದಿನೈದು ಹದಿನಾರರ ಹುಡುಗಿಗೆ ತನ್ನ ಮನಸ್ಸು ಇನ್ನೊಬ್ಬ ಹುಡುಗಿಯ ಕಡೆ ಹೋಗುತ್ತಿದೆ ಅಂತ ಮೊದಲ ಸಲ ಗೊತ್ತಾಗುವ ಕಥೆಗಳು. ಓದಿ ಹುಚ್ಚು ಹಿಡಿದಂತಾಗಿತ್ತು. ಆದರೆ ಆ ಪುಸ್ತಕದ ಹುಡುಗಿಯರೆಲ್ಲ ದುಃಖವಾದಾಗ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮ ಕಡೆ ಯಾವ ಹುಡುಗಿಗೆ ಸ್ವಂತ ಕೋಣೆ ಇದೆ? ಬಾಗಿಲು ಹಾಕಿಕೊಂಡರೆ ಜ್ವರ ಬಂದಿದೆಯಾ ಅಂತ ಕೇಳಲು ನಾಲ್ಕು ಮಂದಿ ಬರುತ್ತಾರೆ. ಹಾಗಾಗಿ ಕೋಣೆ ಇಲ್ಲದ, ಬಾಗಿಲಿಲ್ಲದ, ನಮ್ಮ ಕಡೆಯದೇ ಒಂದು ಕಥೆ ಬೇಕು ಅನ್ನಿಸಿತು. ಸಿಗಲಿಲ್ಲ. ಬರೆದೆ.

ಖೋ ಖೋ ಆಡುವ ಇಬ್ಬರು ಹುಡುಗಿಯರ ಕಥೆ. ಅಂಗೈಯಲ್ಲಿ ಹಿಡಿಸುವ ಪುಸ್ತಕ, ಅರವತ್ತನಾಲ್ಕು ಪುಟ. ಕೊನೆಗೆ ಯಾರೂ ಸಾಯುವುದಿಲ್ಲ, ಯಾರೂ ಊರು ಬಿಡುವುದಿಲ್ಲ ಅಂತ ಮೊದಲೇ ಹಟ ಹಿಡಿದಿದ್ದೆ.

ಹೆಸರಿನ ವಿಷಯಕ್ಕೆ ಬರುತ್ತೇನೆ, ತಪ್ಪು ಅಲ್ಲೇ ಆಯಿತು. ಸಣ್ಣ ಸಣ್ಣ ವಿವರಗಳೇ ಕಥೆಯನ್ನು ಖರೆ ಮಾಡುತ್ತವೆ ಅಂತ ಎಲ್ಲೋ ಓದಿದ್ದೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಹಳೆಯ ಪತ್ರಿಕೆಗಳ ಫೈಲುಗಳಿದ್ದವು. ಪತ್ರಿಕೆಯ ಕೆಳಗೆ ಮನೆಯ ಚಿಕ್ಕ ಮಕ್ಕಳ ಹೆಸರಿನಲ್ಲಿ ಒಂದು ಸಾಲು ಹಾಕುತ್ತಾರಲ್ಲ, ‘ನಮ್ಮ ಅತ್ತಿ ಲಗ್ನಕ್ಕ ಮರೀದ ಬರ್ರಿ’ ಅಂತ, ಅದರಷ್ಟು ಜೀವಂತ ಹೆಸರುಗಳು ಬೇರೆ ಎಲ್ಲಿ ಸಿಗುತ್ತವೆ? ಅಂಥ ಒಂದು ಹಳೆಯ ಪತ್ರಿಕೆಯಿಂದ ಒಂದು ಹೆಸರು ಎತ್ತಿಕೊಂಡೆ. ಮಾಯವ್ವ, ಕಂಸದಲ್ಲಿ ಚಿಮಣಿ. ಊರು ಸಾವಳಗಿ ಅಂತಿತ್ತು, ಅದನ್ನೂ ಹಾಗೇ ಇಟ್ಟೆ. ಆ ಫೈಲಿನಲ್ಲಿ ಅವಳು ಐದಾರು ವರ್ಷದ ಕೂಸು. ಕೂಸು ಬೆಳೆಯುತ್ತದೆ, ಅದೇ ಮನೆಯವರು ಮುಂದಿನ ಲಗ್ನಕ್ಕೆ ಅದೇ ಪ್ರೆಸ್ಸಿಗೆ ಬರುತ್ತಾರೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಖೋ ಖೋ ಮಾತ್ರ ನಾನೇ ಸೇರಿಸಿದ್ದು. ನಮ್ಮ ಕಡೆ ಸಾಲಿಯಲ್ಲಿ ಕಾಲು ಚುರುಕಿರುವ ಹುಡುಗಿಗೆ ಅದನ್ನು ಬಿಟ್ಟು ಬೇರೆ ಏನಿದೆ?

ಆಷಾಢದಲ್ಲಿ ಲಗ್ನಗಳಿಲ್ಲ, ಮಷೀನ್ ಖಾಲಿ. ಪುಸ್ತಕ ಹೊಡೆದುಕೊಳ್ಳಲೇ ಅಂತ ಮಾಲಕರನ್ನು ಕೇಳಿದೆ. “ಯಾತರ ಕಥಿ?” ಅಂದರು. “ಖೋ ಖೋ ಹುಡುಗ್ಯಾರದ್ರಿ” ಅಂದೆ. “ಛಲೋ ಆತು, ಹೊಡ್ಕೊ” ಅಂದು ಪೇಪರಿಗೆ ಹೊಳ್ಳಿದರು.

ಮೊಬೈಲಿನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್ಸಿನ ಹಳೆಯ ಫಾಂಟಿಗೆ ತಿರುಗಿಸಿದಾಗ ಅರ್ಕಾವತ್ತುಗಳು ಸಾಲು ಬಿಟ್ಟು ಓಡಿದ್ದವು. ಒಂದೊಂದಾಗಿ ಹಿಡಿದು ತಂದು ಕೂರಿಸಲು ಎಂಟು ದಿನ ಹಿಡಿಯಿತು. ಆಮೇಲೆ ಪುಟ ಜೋಡಿಸುವುದು. ಪುಸ್ತಕದ ಪುಟಗಳನ್ನು ದೊಡ್ಡ ಹಾಳೆಯ ಮೇಲೆ ಒಂದು, ಎರಡು, ಮೂರು ಅಂತ ಸಾಲಾಗಿ ಹೊಡೆಯುವುದಿಲ್ಲ. ಹಾಳೆಯನ್ನು ಮೂರು ಸಲ ಮಡಚಿದಾಗ ಅವು ತಾವಾಗಿ ಸಾಲಿಗೆ ಬರುವ ಹಾಗೆ ಚದುರಿಸಿ ಇಡುತ್ತಾರೆ. ಹಾಗೆ ಹೊಡೆದ ಹದಿನಾರು ಪುಟದ ಒಂದು ಹಾಳೆಗೆ ಫಾರ್ಮ್ ಅನ್ನುತ್ತೇವೆ. ಹದಿನೇಳರಿಂದ ಮೂವತ್ತೆರಡರವರೆಗಿನ ನನ್ನ ಎರಡನೇ ಫಾರ್ಮಿನಲ್ಲಿ ಹಾಳೆಯ ಒಂದು ಮಗ್ಗಲಿಗೆ ಹದಿನೇಳು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತನಾಲ್ಕು, ಹೀಗೆ ಎಂಟು ಪುಟ ಬರುತ್ತವೆ, ಅರ್ಧ ತಲೆಕೆಳಗಾಗಿ. ನಡುವಿನ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತಮೂರು ಹಾಳೆಯ ಬೆನ್ನಿಗೆ. ದಯವಿಟ್ಟು ಇಪ್ಪತ್ತೆರಡು, ಇಪ್ಪತ್ತಮೂರನ್ನು ಮರೆಯಬೇಡಿ.

ಮಷೀನ್ ನಡೆಸುವ ಕಾಕಾ ಮೊದಲ ಮಗ್ಗಲು ಹೊಡೆಯಲು ಶುರು ಮಾಡಿದಾಗ ಮಸಿ ಹೆಚ್ಚು ಕಡಿಮೆಯಾಗಿ ಇಪ್ಪತ್ತು ಮೂವತ್ತು ಹಾಳೆ ಕೆಟ್ಟವು. ಅಂಥವನ್ನು ಸೆಟ್ಟಿಂಗ್ ಹಾಳೆ ಅನ್ನುತ್ತೇವೆ. ಕೆಟ್ಟದ್ದನ್ನು ಎಸೆಯುವುದಿಲ್ಲ, ಪತ್ರಿಕೆಯ ಕಟ್ಟುಗಳಿಗೆ ಸುತ್ತಲು ಮೂಲೆಯಲ್ಲಿ ಒಟ್ಟುತ್ತೇವೆ. ಅದೇ ದಿನ ಶ್ರಾವಣದ ಮೊದಲ ಎರಡು ಆರ್ಡರು ಕಳಿಸಬೇಕಿತ್ತು, ಒಂದು ಬೀಳಗಿಗೆ, ಒಂದು ಸಾವಳಗಿಗೆ. ಕಟ್ಟಿದ್ದು ನಾನೇ. ಹಾಳೆ ಎಳೆ, ಅಕ್ಷರದ ಮಗ್ಗಲು ಒಳಗೆ ಹಾಕು, ಮಡಚು, ಸುತಳಿ ಬಿಗಿ. ಬೆರಳುಗಳಿಗೆ ರೂಢಿಯಾದ ಕೆಲಸ, ತಲೆ ಎಲ್ಲೋ ಇರುತ್ತದೆ. ನನ್ನ ತಲೆ ಮೂರನೇ ಫಾರ್ಮಿನಲ್ಲಿತ್ತು.

ಎರಡನೇ ದಿನ ಸಾವಳಗಿಯಿಂದ ಒಬ್ಬ ಹಿರಿಯರು ಬಂದರು. ಲಗ್ನದ ಹುಡುಗಿಯ ತಂದೆ ಅವರೇ. ಚಿಮಣಿಗೆ ದೊಡ್ಡಪ್ಪ ಆಗಬೇಕು ಅನ್ನುವುದು ನನಗೆ ಆಮೇಲೆ ತಿಳಿಯಿತು. ಕೈಯಲ್ಲಿ ನಾಲ್ಕು ಮಡಿಕೆಯ ಸೆಟ್ಟಿಂಗ್ ಹಾಳೆ.

“ಕುಂದರ್ರಿ, ಚಾ ತರಸ್ತೀನಿ” ಅಂದರು ಮಾಲಕರು.

“ಚಾ ಕುಡ್ಯಾಕ ಬಂದಿಲ್ಲ. ಜಗಲಿ ಮುಂದ ಕಟ್ಟು ಬಿಚ್ಚೀವಿ. ಮದಲನೇ ಪತ್ರಿಕಿ ದೇವರಿಗೆ. ಪೂಜಾರಪ್ಪ ಕನ್ನಡಕ ಹಾಕ್ಕೊಂಡು, ಇದೂ ಪತ್ರಿಕೀದ ಇರಬೇಕಂತ ದೊಡ್ಡ ದನಿಲೆ ಓದಿಬಿಟ್ಟ. ಮನಿತುಂಬ ಬೀಗರು. ನಮ್ಮ ತಮ್ಮನ ಮಗಳ ಹೆಸರು ಯಾರು ಹಾಕಿದ್ರಿ ಇದರಾಗ?”

ಮಾಲಕರು ಹಾಳೆ ಬಿಚ್ಚಿದರು, ಒಂದು ಪುಟ ನೇರ ಓದಿದರು, ಇನ್ನೊಂದಕ್ಕೆ ಹಾಳೆ ತಿರುಗಿಸಿದರು. ಮುಖ ಕೆಂಪಾಯಿತು. “ಖೋ ಖೋ ಕಥಿ ಅಂದಿದ್ದಿ” ಅಂದರು ನನ್ನ ಕಡೆ ನೋಡಿ, ತಗ್ಗಿದ ದನಿಯಲ್ಲಿ.

“ಖೋ ಖೋ ಐತ್ರಿ ಅದರಾಗ.”

“ಐತಿ, ಐತಿ” ಅಂದರು ದೊಡ್ಡಪ್ಪ. “ಯಾರ ಬೆನ್ನಿಗೆ ಯಾರು ಕೈ ಇಡ್ತಾರ ಅನ್ನೂದೂ ಐತಿ.”

ಅವರು ಓದಿದ್ದೇನು ಅಂತ ನೋಡಿ. ಹದಿನೇಳರಲ್ಲಿ ಸಾವಳಗಿಯ ಮಾಯವ್ವ, ಮನೆಯಲ್ಲಿ ಚಿಮಣಿ. ಇಪ್ಪತ್ತರಲ್ಲಿ ರತ್ನಾ ಅನ್ನುವ ಗೆಳತಿ ಅವಳ ಹಿಮ್ಮಡಿಯ ಮುಳ್ಳು ತೆಗೆಯುತ್ತಾಳೆ, ಇವಳಿಗೆ ಮುಳ್ಳು ಇನ್ನಷ್ಟು ಹೊತ್ತು ಇರಲಿ ಅನ್ನಿಸುತ್ತದೆ. ಇಪ್ಪತ್ತೊಂದರ ಕೊನೆಗೆ ನಸುಕಿನಲ್ಲಿ ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿ ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ, ಅಲ್ಲಿ ರತ್ನಾ ಕಾಯುತ್ತಿರುತ್ತಾಳೆ. ಸೀದಾ ಇಪ್ಪತ್ತನಾಲ್ಕರಲ್ಲಿ ಇಬ್ಬರೂ ಪರ ಊರಲ್ಲಿ ಒಂದೇ ಜಮಖಾನದ ಮೇಲೆ ಮಲಗಿದ್ದಾರೆ, ಹೊದಿಕೆಯ ಕೆಳಗೆ ಕೈ ಹಿಡಿದುಕೊಂಡು. ಇಪ್ಪತ್ತೆರಡು, ಇಪ್ಪತ್ತಮೂರು ಆ ಹಾಳೆಯಲ್ಲಿ ಇರಲೇ ಇಲ್ಲ.

“ನಮ್ಮ ಹುಡುಗೀನ ಬರದು ಕೊಟ್ಟಾಳೋ, ಅಕಿ ಬಗ್ಗೆ ಮತ್ತ್ಯಾರರ ಬರದಾರೋ? ಎರಡರಾಗ ಒಂದು ಹೇಳ್ರಿ.”

ನಾನು ಬಾಯಿ ತೆರೆಯುವ ಮೊದಲೇ ಮಾಲಕರು ಹೇಳಿಬಿಟ್ಟರು. “ಯಾರೋ ಸಾಲಿ ಹುಡುಗ್ಯಾರು ಬಂದು ಕೊಟ್ಟು ಹೋಗ್ಯಾರ್ರಿ. ಗಿರಾಕಿ ಕೊಟ್ಟದ್ದನ್ನ ಹೊಡ್ಯಾವ್ರು ನಾವು.”

ನಾನು ಸುಮ್ಮನೆ ಕುಳಿತೆ. ಇದನ್ನು ಓದುವವರು ನನ್ನನ್ನು ಏನಾದರೂ ಅನ್ನುವುದಿದ್ದರೆ ಇಲ್ಲಿ ಅನ್ನಿ. ಕೆಲಸದ ಆಸೆಗೆ, ಮನೆಗೆ ಸುದ್ದಿ ಹೋದೀತೆಂಬ ಅಂಜಿಕೆಗೆ, ಆ ಮಾತನ್ನು ಹಾಗೇ ನಿಲ್ಲಲು ಬಿಟ್ಟೆ. ದೊಡ್ಡಪ್ಪ ಹಾಳೆಯನ್ನು ಮತ್ತೆ ಮಡಚಿ ಜೇಬಿಗೆ ಇಟ್ಟುಕೊಂಡರು. “ಹಂಗಾದ್ರ ಬರದಾಕಿ ಅಕೀನ” ಅಂದು ಎದ್ದರು.

ಅವರು ಹೋದ ಮೇಲೆ ಮಾಲಕರು ಪುಸ್ತಕ ಬಂದ್ ಮಾಡಿಸಿದರು. ಪುಟಗಳ ಅಚ್ಚಿರುವ ಪ್ಲೇಟು ಒರೆಸಲು ಕಾಕಾನಿಗೆ ಹೇಳಿದರು, ಬೀಳಗಿಯ ಹಾಳೆ ವಾಪಸ್ ತರಲು ನನ್ನನ್ನು ಕಳಿಸಿದರು. ಬೀಳಗಿ ಮನೆಯ ಹೆಂಗಸು ನೀರೊಲೆ ಮುಂದೆ ಕೂತಿದ್ದಳು. “ಅದನ್ನ ಒಲಿಗೆ ಹಾಕೇನಿ” ಅಂದಳು. ಓದಿದಿರೇನ್ರಿ ಅಂತ ಕೇಳಿದೆ. “ಸುತ್ತಿದ ಹಾಳಿ ಯಾರರ ಓದ್ತಾರೇನು? ನಿಮ್ಮ ಪ್ರೆಸ್ಸಿನ್ಯಾಗ ಕೆಲಸ ಇಲ್ಲೇನು?” ಅಂದಳು. ಪಾರಾದೆ ಅನ್ನಿಸಿತು. ಬಸ್ಸಿನಲ್ಲಿ ಶೇಂಗಾ ತಿನ್ನುತ್ತ ಬಂದೆ, ಅದೂ ನೆನಪಿದೆ.

ನಾಲ್ಕನೇ ದಿನ ದೊಡ್ಡಪ್ಪ ಮತ್ತೆ ಬಂದರು. ಈ ಸಲ ಕೂತರು, ಚಾ ಕುಡಿದರು. ಹೊಡೆದ ಪತ್ರಿಕೆಯನ್ನೇ ತಂದಿದ್ದರು, ಅದರ ಬದಿಗೆ ಪೆನ್ನಿನಲ್ಲಿ ಏನೋ ಬರೆದಿತ್ತು.

“ಒಂದ ಮಂಟಪ, ಎರಡು ಜೋಡಿ. ಇನ್ನೊಂದು ಹೆಸರು ಸೇರಿಸಿ ಮತ್ತ ಹೊಡೀರಿ. ಅಕಿ ಸ್ವಾದರತ್ತಿ ಮಗ ಅದಾನ, ಒಪ್ಪ್ಯಾನ. ಸಾಲಿ ಬಿಡಿಸಿ ಆತು. ಆಟಾನೂ ಬಂದ್.”

ಮಾಲಕರು ಪತ್ರಿಕೆಯನ್ನು ನನ್ನ ಮುಂದೆ ಇಟ್ಟರು. ಹಳೆಯ ಫೈಲ್ ತೆರೆದೆ. ಎರಡನೇ ವಧುವಿಗೆ ಜಾಗ ಮಾಡಲು ಮೊದಲಿನದನ್ನು ಮೇಲೆ ಸರಿಸಿದೆ. ‘ಚಿ. ಕುಂ. ಸೌ.’ ಅಂತ ಹೊಡೆದೆ. ಮುಂದಿನ ಹೆಸರನ್ನು ನನ್ನ ಬೆರಳುಗಳು ಅರವತ್ತನಾಲ್ಕು ಪುಟಗಳಲ್ಲಿ ಅದೆಷ್ಟು ಸಲ ಹೊಡೆದಿದ್ದವೋ. ಈಗ ಹೊಡೆಯಲು ಆಗಲಿಲ್ಲ.

“ವಯಸ್ಸಿನ ದಾಖಲೆ ಬೇಕ್ರಿ” ಅಂದೆ. ಅದು ಇಲ್ಲದೆ ಪತ್ರಿಕೆ ಹೊಡೆಯಬಾರದು ಅಂತ ಪ್ರೆಸ್ಸುಗಳಿಗೆ ಹೇಳಿಟ್ಟಿದ್ದಾರೆ.

“ಮೊನ್ನೆ ಆ ಹೊಲಸು ಹೊಡಿಯುಮುಂದ ಯಾರ ದಾಖಲಿ ಕೇಳಿದ್ರಿ?”

ಮಾಲಕರಿಗೂ ಅಂಜಿಕೆ ಹತ್ತಿತು. “ಅಕಿ ಹೇಳೂದು ಖರೆ ಐತ್ರಿ. ನಾಳೆ ಕೇಸ್ ಆದ್ರ ಪ್ರೆಸ್ಸಿಗೆ ಬೀಗ ಬೀಳ್ತದ” ಅಂದರು.

“ಬ್ಯಾಡ ಬಿಡ್ರಿ. ಪತ್ರಿಕ್ಯಾಗ ಹೆಸರು ಇರಲಿಲ್ಲಂದ್ರ ಅಕ್ಕಿಕಾಳು ಬೀಳಂಗಿಲ್ಲೇನು? ಹಂಗ ಮಾಡ್ತೀವಿ” ಅಂದು ಎದ್ದು ಹೋದರು.

ಲಗ್ನಕ್ಕೆ ಇನ್ನು ಒಂಬತ್ತು ದಿನ. ಕಾಕಾ ಮಷೀನಿನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡಲೇನು ಅಂತ ಅವನನ್ನು ಕೇಳಿದೆ.

“ಮಾಡು. ಮಾಡಬ್ಯಾಡ ಅನ್ನಂಗಿಲ್ಲ. ಅವರು ಬರೂದರಾಗ ಹುಡುಗೀನ ಮತ್ತೊಂದು ಊರಿಗೆ ಸಾಗಿಸಿರ್ತಾರ. ಅಕಿ ಮ್ಯಾಲಿನ ಸಂಶೆ ಹ್ಯಾಂಗ ತಗೀತಿ, ಅದನ್ನ ಹೇಳು. ಅದು ನೀ ಹಚ್ಚಿದ್ದು.”

ಕಥೆಯ ಬಗ್ಗೆ ಅವನಿಗೇನೂ ಪ್ರೀತಿ ಇರಲಿಲ್ಲ. ಪ್ಲೇಟಿನ ಮೇಲೆ ಅಕ್ಷರ ಓದುವುದು ಅವನಿಗೆ ರೂಢಿ. “ಓದೀನಿ. ಇಂಥಾದ್ದು ಬರ್ಯಾಕ ಹೆಂಗರ ಮನಸು ಬಂತು ನಿನಗ?” ಅಂದಿದ್ದ. ಆದರೂ ಆವತ್ತು ಮಾಲಕರು ಊಟಕ್ಕೆ ಹೋದಾಗ ಅವನ ಮುಂದೆ ಹೋಗಿ ನಿಂತೆ. ಮೊದಲ ಮಗ್ಗಲು ಹೊಡೆದಿಟ್ಟ ಹಾಳೆಗಳಲ್ಲಿ ಒಂದೇ ಒಂದಕ್ಕೆ ಬೆನ್ನಿನ ಮಗ್ಗಲೂ ಹೊಡೆದು ಕೊಡು ಅಂದೆ. ಮೊಬೈಲಿನಲ್ಲಿ ತೋರಿಸಿದರೆ ಈಗ ಬರೆದು ತಂದಿದ್ದೀ ಅನ್ನುತ್ತಾರೆ. ಅವರು ನೋಡಿದ್ದು ಕಾಗದ, ಅದೇ ಕಾಗದದ ಬೆನ್ನು ತೋರಿಸಬೇಕು.

“ಪ್ಲೇಟು ಒರೆಸಂತ ಹೇಳ್ಯಾರ ಮಾಲಕರು.”

“ಒರೆಸೀಯೇನು?”

ಕಾಕಾ ಪ್ಲೇಟು ಮಷೀನಿಗೆ ಏರಿಸಿದ, ಬಟ್ಟೆಯಿಂದ ನೀರು ಸವರಿದ. “ನಿನ್ನ ಸಲುವಾಗಿ ಅಲ್ಲ. ಅರ್ಧ ಫಾರ್ಮ್ ಹೊಡದು ಕೈ ಬಿಡೂದು ನನಗ ಸೇರಂಗಿಲ್ಲ” ಅಂದ. ಮೊದಲ ಹಾಳೆಗೆ ಅಕ್ಷರಗಳು ಎರಡೆರಡಾಗಿ ಕಂಡವು, ಎರಡನೆಯದು ಅಡ್ಡ ಸರಿಯಿತು. ಮೂರನೆಯದು ಬೆನ್ನಿಗೆ ಬೆನ್ನು ಸರಿಯಾಗಿ ಕೂತಿತು. ಒಣಗುವ ತನಕ ಗೋಡೆಗೆ ಆನಿಸಿ ಇಟ್ಟೆ. ಜೊತೆಗೆ ಆ ಹಳೆಯ ಫೈಲಿನ ಪತ್ರಿಕೆ, ಮಕ್ಕಳ ಹೆಸರಿನ ಸಾಲು ಇದ್ದದ್ದು, ಅದರ ಒಂದು ಪ್ರಿಂಟ್ ತೆಗೆದೆ.

ಮರುದಿನ ಪ್ರೆಸ್ಸಿಗೆ ಹೋಗದೆ, ನಮ್ಮ ಮನೆ ಇರುವ ಜಮಖಂಡಿಯಿಂದಲೇ ಬಸ್ ಹಿಡಿದು ಸಾವಳಗಿಗೆ ಹೋದೆ. ಅವರದು ಊರ ಹೊರಗೆ, ಕಾಲುವೆ ದಾಟಿ ಹೋಗಬೇಕಾದ ಮನೆ. ಅಂಗಳದಲ್ಲಿ ಕುರಿಮರಿಗಳು, ಟ್ರ್ಯಾಕ್ಟರಿನ ನೆರಳಲ್ಲಿ ಹಾಸಿದ ಕಂಬಳಿ. ಅದರ ಮೇಲೆ ಆಯಿ, ಅಂದರೆ ಆ ಹುಡುಗಿಯ ಅಜ್ಜಿ, ಕೂತಿದ್ದಳು. ಪ್ರೆಸ್ಸಿನಿಂದ ಬಂದೀನಿ ಅಂದೆ. ಲಗ್ನದ ಮನೆ, ಹೊಸ ಪತ್ರಿಕೆ ತಂದಿರಬೇಕು ಅಂದುಕೊಂಡಳೋ ಏನೋ, ನೀರು, ಬೆಲ್ಲ ಕೊಡಿಸಿದಳು. ನೀರು ತಂದವಳೇ ಆ ಹುಡುಗಿ. ಎತ್ತರದವಳು, ಮೊಣಕಾಲಿಗೆ ಹಳೆಯ ಗಾಯದ ಕಲೆ. ನನ್ನ ಮುಖ ನೋಡಲಿಲ್ಲ. ದೊಡ್ಡಪ್ಪ ಒಳಗಿನಿಂದ ಬಂದರು, ಹಿಂದೆ ಇನ್ನೂ ಇಬ್ಬರು ಹೆಂಗಸರು ಬಂದು ಬಾಗಿಲಲ್ಲಿ ನಿಂತರು.

ಮಾತು ಶುರು ಮಾಡುವ ಧೈರ್ಯ ಇರಲಿಲ್ಲ, ಹಾಗಾಗಿ ಕೈಗೆ ಕೆಲಸ ಕೊಟ್ಟೆ. ಹಾಳೆಯನ್ನು ಕಂಬಳಿಯ ಮೇಲೆ ಹಾಸಿದೆ.

“ನೀವು ಓದಿದ ಹಾಳೀನ ಇದು. ಆದ್ರ ಅದಕ್ಕ ಬೆನ್ನು ಇದ್ದಿದ್ದಿಲ್ಲ. ಈಗ ನೋಡ್ರಿ.”

ಒಂದು ಮಡಿಕೆ, ಅಡ್ಡ ತಿರುಗಿಸಿ ಎರಡು, ಮತ್ತೆ ತಿರುಗಿಸಿ ಮೂರು. ಮಡಿಕೆಯ ಅಂಚು ಕತ್ತರಿಸಲು ಏನಾದರೂ ಕೊಡ್ರಿ ಅಂದೆ. ಆಯಿ ಪಕ್ಕದಲ್ಲಿದ್ದ ಈಳಿಗೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು. ಅಂಚು ಸೀಳಿದ ಮೇಲೆ ಹದಿನೇಳರ ಹಿಂದೆ ಹದಿನೆಂಟು ಬಂತು. ಇಪ್ಪತ್ತೊಂದು ತೆಗೆದು ತೋರಿಸಿದೆ, ಬಸ್ ಸ್ಟ್ಯಾಂಡಿನ ಪುಟ. ಹಾಳೆ ಹೊರಳಿಸಿ ಇಪ್ಪತ್ತೆರಡು ಓದಿದೆ. ಬಸ್ ಸ್ಟ್ಯಾಂಡಿನಲ್ಲಿ ಆಟದ ಮಾಸ್ತರು ಹಾಜರಿ ತೆಗೆದುಕೊಳ್ಳುತ್ತಿದ್ದಾರೆ, ಹನ್ನೆರಡು ಹುಡುಗಿಯರು ಮುಧೋಳದ ಆಟಕ್ಕೆ ಹೊರಟಿದ್ದಾರೆ. ಚಿಮಣಿಯ ಆಯಿ ಹನ್ನೆರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾಳೆ. ಇಪ್ಪತ್ತಮೂರರಲ್ಲಿ ಸಾಲಿಯ ಹಾಲಿನಲ್ಲಿ ಎಲ್ಲರಿಗೂ ಸಾಲಾಗಿ ಹಾಸಿಗೆ, ಇಬ್ಬಿಬ್ಬರಿಗೆ ಒಂದು ಜಮಖಾನ.

“ಹನ್ನೆರಡು ಮಂದಿಗೆ ಹನ್ನೆರಡು ರೊಟ್ಟಿ ಹೆಂಗ ಸಾಲ್ತಾವ? ಬರದಾಕಿಗೆ ಅಡಿಗಿ ಬರಂಗಿಲ್ಲ” ಅಂದಳು ಆಯಿ.

ದೊಡ್ಡಪ್ಪ ಪುಸ್ತಕ ಕಿತ್ತುಕೊಂಡು ತಾವೇ ಹೊರಳಿಸಿ ನೋಡಿದರು. “ಓಡಿ ಹೋಗಿಲ್ಲ, ಖರೆ. ಆದ್ರ ಇಪ್ಪತ್ತನಾಕರಾಗ ಕೈ ಹಿಡದದ್ದು? ಅದಕ್ಕೂ ಬೆನ್ನ ಮ್ಯಾಲ ಒಂದು ಹಾಳಿ ಐತೇನು?”

“ಇಲ್ರಿ. ಅದು ಹಂಗ ಐತಿ.”

“ಮತ್ತ?”

ಹಳೆಯ ಪತ್ರಿಕೆಯ ಪ್ರಿಂಟ್ ಕೊಟ್ಟೆ. ಅವರ ಬೆರಳು ಮಕ್ಕಳ ಸಾಲಿಗೆ ಬಂದು ನಿಂತಿತು. “ಇದು ನಮ್ಮ ಕಡೀ ತಂಗಿ ಲಗ್ನದ್ದು” ಅಂದರು.

“ಹೆಸರು ಅಲ್ಲಿಂದ ಕದ್ದೀನ್ರಿ. ನಿಮ್ಮ ಹುಡುಗೀನ ನಾ ಇವತ್ತ ಮದಲ ನೋಡಾಕತ್ತೇನಿ. ಅಕಿ ಆಡ್ತಾಳಂತನೂ ಗೊತ್ತಿದ್ದಿಲ್ಲ. ಯಾವ ಸಾಲಿ ಹುಡುಗ್ಯಾರೂ ಬಂದು ಕೊಟ್ಟಿಲ್ಲ, ಮಾಲಕರು ಸುಳ್ಳು ಹೇಳ್ಯಾರ, ನಾ ಸುಮ್ಮನ ಕುಂತೆ. ಬರದಾಕಿ ನಾ. ಹೆಸರಷ್ಟ ಅಕೀದು. ಮನಸು ನಂದು.”

“ಅಂದ್ರ?” ಅಂದಳು ಆಯಿ. ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ.

ಓದಿದ ಪುಸ್ತಕಗಳಲ್ಲಿ ಈ ಮಾತು ಹೇಳುವ ಪುಟಕ್ಕೆ ನಾನು ಮೊಬೈಲಿನಲ್ಲೇ ಗುರುತು ಹಾಕಿ ಇಡುತ್ತಿದ್ದೆ. ಅಲ್ಲಿ ಕೇಳುವವರು ಅಪ್ಪಿಕೊಳ್ಳುತ್ತಾರೆ, ಇಲ್ಲವೇ ಬಾಗಿಲು ಬಡಿದು ಹೋಗುತ್ತಾರೆ. ಇಲ್ಲಿ ಐದು ಮಂದಿ ಗೊತ್ತಿಲ್ಲದವರು, ಒಂದು ಕುರಿಮರಿ ನನ್ನ ಚೀಲ ಮೂಸುತ್ತಿತ್ತು.

“ಅಂದ್ರ ನನಗ ಹುಡುಗ್ಯಾರ ಮ್ಯಾಲೆ ಮನಸ ಆಗ್ತೈತಿ, ಆಯಿ. ಹತ್ತನೇ ಕ್ಲಾಸಿನ್ಯಾಗ ಇದ್ದಾಗಿಂದ.”

ಬಾಗಿಲ ಹೆಂಗಸರಲ್ಲಿ ಒಬ್ಬಳು ಹುಡುಗಿಯನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಆಯಿ ನಾನು ಕುಡಿದಿಟ್ಟ ತಂಬಿಗೆಯನ್ನು ಬೆರಳ ತುದಿಯಿಂದ ದೂರ ಸರಿಸಿದಳು.

“ನಿಮ್ಮವ್ವಗ ಗೊತ್ತೈತೇನು?”

“ಇಲ್ಲ.”

“ಹಡದಾಕಿಗೆ ಹೇಳೂದು ಬಿಟ್ಟು ನಮ್ಮ ಅಂಗಳದಾಗ ಬಂದು ಯಾಕ ಉಗಳಿದಿ?”

ದೊಡ್ಡಪ್ಪ ಮಾಲಕರಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಹಿಡಿದರು. “ಸಾಲಿ ಹುಡುಗ್ಯಾರು ಕೊಟ್ಟಾರಂದಿದ್ರಿ. ಇಲ್ಲಿ ನಿಮ್ಮ ಟೈಪಿಂಗ್ ಹುಡುಗಿ ಕುಂತಾಳ, ತಾನ ಬರದೀನಿ ಅಂತಾಳ. ಖರೇ ಹೇಳ್ರಿ, ಮಂಟಪದ ಮಾತು ಐತಿ.”

ಆ ಕಡೆಯಿಂದ ಮಾಲಕರ ದನಿ ಬಂತು. “ಅಕೀನ ಬರದಾಳ್ರಿ. ನಿಮ್ಮ ಹುಡುಗೀದು ಏನೂ ಇಲ್ಲ. ನಾಳಿಂದ ಅಕಿ ನಮ್ಮಲ್ಲಿ ಕೆಲಸಕ್ಕ ಇರಂಗಿಲ್ಲ, ಅಕಿಗೂ ಹೇಳಿಬಿಡ್ರಿ.”

“ಕೇಳೇತಿ ಅಕಿಗೆ” ಅಂದರು ದೊಡ್ಡಪ್ಪ. ಫೋನ್ ಇಟ್ಟು ನನ್ನ ಕಡೆ ನೋಡಿದರು. ಆ ನೋಟ ಮೊದಲಿಗಿಂತ ಕೆಟ್ಟದಾಗಿತ್ತು, ಆದರೆ ಅದು ಈಗ ಬಾಗಿಲ ಒಳಗಿದ್ದ ಹುಡುಗಿಯ ಮೇಲೆ ಇರಲಿಲ್ಲ. “ಕಂಬಳಿ ಬಿಟ್ಟು ಏಳು” ಅಂದರು. ಎದ್ದೆ.

ಕಾಲುವೆಯ ಏರಿಯವರೆಗೆ ಬಂದಿದ್ದೆ. ಹಿಂದಿನಿಂದ ಹೆಜ್ಜೆ ಕೇಳಿಸಿತು. ಆ ಹುಡುಗಿ, ನಾನು ಮಡಚಿದ ಪುಸ್ತಕ ಕೈಯಲ್ಲಿ ಹಿಡಿದು. ಥ್ಯಾಂಕ್ಸ್ ಹೇಳುತ್ತಾಳೆ ಅಂತ ನನ್ನ ಮೂರ್ಖ ಮನಸ್ಸು ಅಂದುಕೊಂಡಿತು. ಪುಸ್ತಕವನ್ನು ನನ್ನ ಎದೆಗೆ ಒಗೆದಳು.

“ನಾಕು ದಿನ ಆತು ಅಂಗಳಾ ದಾಟಿಲ್ಲ ನಾ. ನನ್ನ ಮೊಬೈಲ್ ತಗೊಂಡಾರ, ಗೆಳತ್ಯಾರನ್ನ ಬೈದು ಕಳಿಸ್ಯಾರ. ಹೆಸರು ತಗೀರಿ ಅದರಾಗಿಂದು.”

“ತಗೀತೀನಿ. ತಪ್ಪಾತು.”

“ನಾ ಅಂಥಾಕಿ ಅಲ್ಲ. ಅಂಥಾಕಿ ಇದ್ದಿದ್ರೂ ನಿಮಗ ಹೇಳ್ತಿದ್ದಿಲ್ಲ.” ಹೊರಳಿ ನಾಲ್ಕು ಹೆಜ್ಜೆ ಹೋದವಳು ನಿಂತಳು. “ಮತ್ತ ಇಪ್ಪತ್ತೇಳರಾಗ ಅಕಿ ಖೋ ತಗೊಂಡು ಅರ್ಧಕ್ಕ ಹೊಳ್ಳಿ ನೋಡ್ತಾಳ. ದಿಕ್ಕು ಹಿಡದ ಮ್ಯಾಲೆ ಕಂಬ ಮುಟ್ಟೂತನಕ ಹೊಳ್ಳಾಕ ಬರಂಗಿಲ್ಲ. ಫೌಲ್ ಅದು. ಆಡಿಲ್ಲ ನೀವು.”

“ಆಡಿಲ್ಲ.”

“ಗೊತ್ತಾಗತೈತಿ” ಅಂದು ಹೋದಳು.

ಅವತ್ತು ಸಂಜೆ ಜಮಖಂಡಿಯ ಮನೆಗೆ ಹೋದವಳೇ ಅವ್ವನಿಗೆ ಹೇಳಿದೆ. ಆ ಅಂಗಳದ ಮಾತು ಬೇರೆ ಯಾರ ಬಾಯಿಂದಲೋ ಅವಳಿಗೆ ತಲುಪುವುದು ಬೇಡವಾಗಿತ್ತು. ಅವ್ವ ಕೇಳಿಸಿಕೊಂಡಳು, ಹಿಟ್ಟು ನಾದುವುದು ನಿಲ್ಲಿಸಲಿಲ್ಲ. ಇಂದಿಗೂ ತಾಟು ಮುಂದೆ ಇಡುತ್ತಾಳೆ, ಮಾತಾಡುವುದಿಲ್ಲ. ಇದು ಎಷ್ಟು ದಿನ ಅಂತ ಗೊತ್ತಿಲ್ಲ, ಇದಕ್ಕೆ ಬೆನ್ನಿನ ಹಾಳೆ ನನ್ನ ಹತ್ತಿರ ಇಲ್ಲ.

ಕಾಕಾ ಒಮ್ಮೆ ಫೋನ್ ಮಾಡಿದ. “ಒಂದ ಜೋಡಿ ಲಗ್ನ ಆತು. ಆ ಹುಡುಗಿ ಸಾಲಿಗೆ ಹೊಂಟಾಳಂತ. ನನ್ನ ತಂಗಿ ಮನಿ ಅಲ್ಲೇ ಐತಿ, ಅದಕ್ಕ ಗೊತ್ತಾತು. ಮತ್ತೇನೂ ಕೇಳಬ್ಯಾಡ” ಅಂದು ಇಟ್ಟ. ಆ ವರ್ಷ ಅವಳನ್ನು ಆಟಕ್ಕೆ ಸೇರಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಹುಡುಕಿದ್ದರೆ ಎಲ್ಲಾದರೂ ಫೋಟೋ ಸಿಗುತ್ತಿತ್ತು. ಹುಡುಕಲಿಲ್ಲ. ಅವಳ ಹೆಸರನ್ನು ಮತ್ತೊಮ್ಮೆ ಎಲ್ಲಿಯೂ ಹೊಡೆಯುವುದಿಲ್ಲ ಅಂತ ನಿರ್ಧರಿಸಿದ್ದೇನೆ. ಇಲ್ಲಿ ಬರೆದ ಹೆಸರು, ಊರು ಕೂಡ ಬದಲಿಸಿದವು.

ಈಗ ಜಮಖಂಡಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತೇನೆ. ಪುಸ್ತಕವನ್ನು ಮೊದಲಿನಿಂದ ತಿದ್ದಿದೆ. ಹೆಸರು ತೆಗೆದ ಮೇಲೆ ಏನು ಹಾಕುವುದು ಅಂತ ಮೂರು ದಿನ ಯೋಚಿಸಿ ನನ್ನ ಹೆಸರನ್ನೇ ಹಾಕಿದೆ, ಊರೂ ನನ್ನದೇ. ನನ್ನ ಹೆಸರು ಒಂದಕ್ಷರ ಉದ್ದ, ಹಾಗಾಗಿ ಸಾಲುಗಳು ಮುಂದೆ ಜಾರಿ ಅರವತ್ತನಾಲ್ಕು ಪುಟ ಅರವತ್ತಾರು ಆಯಿತು. ಫಾರ್ಮಿಗೆ ಕೂರುವುದಿಲ್ಲ, ಎಲ್ಲಿಯೋ ಎರಡು ಪುಟ ಕಡಿಯಬೇಕು. ಇಪ್ಪತ್ತೇಳರ ಆಟ ತಿದ್ದಿದ್ದೇನೆ. ರೊಟ್ಟಿ ಮೂವತ್ತಾರು ಮಾಡಿದ್ದೇನೆ. ಎರಡು ಪ್ರೆಸ್ಸಿನವರು ಹೊಡೆಯುವುದಿಲ್ಲ ಅಂದರು. ಮುಧೋಳದ ಒಬ್ಬರು ಮಾತ್ರ ಪ್ರೀತಿಯಿಂದಲೇ ಹೇಳಿದರು, “ಇಬ್ಬರಾಗ ಒಬ್ಬಾಕಿನ ಹುಡುಗನ್ನ ಮಾಡಿ ತಾ ತಂಗಿ, ನಾಳೆನ ಹೊಡದು ಕೊಡ್ತೀನಿ.” ನಾನು ಫೈಲನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ನೀವು ಇಂಥದ್ದು ಬರೆದಿದ್ದರೆ, ಹೊಡೆಸಲು ಅಲೆದಿದ್ದರೆ, ಹದಿನಾರರಲ್ಲಿ ಓದಲು ಹುಡುಕಿ ಸಿಗದೆ ಇದ್ದಿದ್ದರೆ, ನಿಮಗೆ ಏನಾಯಿತು ಅಂತ ಕೆಳಗೆ ಬರೆಯಿರಿ. ಬೈಗುಳ ಬಿದ್ದದ್ದೂ ಬರೆಯಿರಿ, ಚಿಕ್ಕದಾದರೂ ಸರಿ, ಎಲ್ಲವನ್ನೂ ಓದುತ್ತೇನೆ. ನಿಮ್ಮ ಹೆಸರು ಹಾಕಿ, ಇಲ್ಲವೇ ಹೆಸರಿನ ಜಾಗ ಖಾಲಿ ಬಿಡಿ. ಇನ್ನೊಬ್ಬರದು ಮಾತ್ರ ಹಾಕಬೇಡಿ.